ಕೆಲಸ ಬಿಟ್ಟ ಮೇಲೂ ಕೈ ಕಟ್ಟುವ ಕರಾರು

ಕೇಳುಗರಿಗೆ ನಮಸ್ಕಾರ. ಹೊಸ ಕೆಲಸಕ್ಕೆ ಸೇರುವ ದಿನ ಸಹಿಗಾಗಿ ಮುಂದಿಡುವ ಕಾಗದಗಳಲ್ಲಿ, ಸಂಬಳ, ರಜೆ, ನೋಟಿಸ್ ಅವಧಿಗಳ ವಿವರವೆಲ್ಲ ಮುಗಿದ ಮೇಲೆ, ಕೆಲಸ ಬಿಟ್ಟ ದಿನದಿಂದ ಹನ್ನೆರಡು ತಿಂಗಳು ಯಾವುದೇ ಪ್ರತಿಸ್ಪರ್ಧಿ ಸಂಸ್ಥೆಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ದುಡಿಯತಕ್ಕದ್ದಲ್ಲ ಎಂಬ ಒಂದು ಸಾಲು ಇರುವುದುಂಟು. ಹಳೆಯ ಕೆಲಸಕ್ಕೆ ಆಗಲೇ ರಾಜೀನಾಮೆ ಕೊಟ್ಟು ಬಂದವರು ಅದನ್ನು ಓದದೆ, ಓದಿದರೂ ಬೇರೆ ದಾರಿ ಕಾಣದೆ, ಸಹಿ ಹಾಕುತ್ತಾರೆ. ಇದೇ ನಾನ್-ಕಾಂಪೀಟ್ ಷರತ್ತು. ಇದರ ಬಗ್ಗೆ ನಾನು ಒತ್ತಿ ಹೇಳಬೇಕಾದ ಮಾತು ಒಂದೇ: ಈ ಷರತ್ತಿನ ನಿಜವಾದ ಶಕ್ತಿ ಇರುವುದು ಸಹಿ ಹಾಕಿದವರ ಭಯದಲ್ಲಿ.

1414ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದರ ಮುಂದೆ ಬಂದ ಮೊಕದ್ದಮೆಯನ್ನು ಕೇಳಿ. ಜಾನ್ ಡಯರ್ ಎಂಬಾತ ಬಟ್ಟೆಗೆ ಬಣ್ಣ ಹಾಕುವ ಕಸುಬಿನವನು. ಅರ್ಧ ವರ್ಷ ಕಾಲ ಇದೇ ಊರಿನಲ್ಲಿ ತನ್ನ ಕಸುಬು ಮಾಡುವುದಿಲ್ಲ ಎಂದು ಅವನು ಮುಚ್ಚಳಿಕೆ ಬರೆದುಕೊಟ್ಟಿದ್ದ. ಮುಚ್ಚಳಿಕೆ ಬರೆಸಿಕೊಂಡವನು ಈಗ ಹಣಕ್ಕಾಗಿ ದಾವೆ ಹೂಡಿದ್ದ. ಮಹಾಮಾರಿ ಪ್ಲೇಗಿನಲ್ಲಿ ಜನ ಸತ್ತು ದುಡಿಯುವ ಕೈಗಳೇ ಸಾಲದಾದ ಮೇಲೆ, ಶಕ್ತಿಯಿದ್ದವರು ಕೆಲಸ ಮಾಡದೆ ಕೂರಬಾರದೆಂದು ಅರಸರೇ ಶಾಸನ ಮಾಡಿದ್ದ ನಾಡು ಅದು. ಡಯರ್ ನ್ಯಾಯಾಲಯದಲ್ಲಿ ಏನು ಹೇಳಿದ ಎಂಬುದನ್ನು ದಯವಿಟ್ಟು ಗಮನಿಸಿ. ಆ ಮುಚ್ಚಳಿಕೆ ತಪ್ಪೆಂದು ಅವನು ವಾದಿಸಲಿಲ್ಲ. ಅದರಂತೆಯೇ ನಡೆದುಕೊಂಡಿದ್ದೇನೆ, ಆ ಊರಿನಲ್ಲಿ ಕಸುಬು ಮಾಡಿಲ್ಲ ಎಂದ. ನ್ಯಾಯಮೂರ್ತಿ ಹಲ್ ಅವರಿಗೆ ಸಿಟ್ಟು ಬಂತು. ಈ ಮುಚ್ಚಳಿಕೆಯೇ ಕಾನೂನಿಗೆ ವಿರುದ್ಧ, ಹಾಗೆಂದು ನೀನು ವಾದಿಸಬಹುದಿತ್ತು ಎಂದು ಹೇಳಿ, ದೇವರ ಮೇಲೆ ಆಣೆಯಿಟ್ಟು, ದಾವೆ ಹೂಡಿದವನು ಎದುರಿಗಿದ್ದಿದ್ದರೆ ಅರಸರಿಗೆ ದಂಡ ಕಟ್ಟುವ ತನಕ ಅವನನ್ನು ಸೆರೆಮನೆಗೆ ಹಾಕುತ್ತಿದ್ದೆ ಎಂದರು. ಪಾಲಿಸಬೇಕಿಲ್ಲದ ಕರಾರನ್ನು ಡಯರ್ ಪಾಲಿಸಿದ್ದ. ಆರುನೂರು ವರ್ಷಗಳಾದರೂ ದುಡಿಯುವವರು ಮಾಡುತ್ತಿರುವುದು ಅದನ್ನೇ, ಮತ್ತು ಇದು ನನ್ನನ್ನು ಇಂದಿಗೂ ಕಾಡುತ್ತದೆ.

ಭಾರತದ ಕಾನೂನಿನಲ್ಲಿ ಇದಕ್ಕೆ ಉತ್ತರವಿದೆ. 1872ರ ಕರಾರು ಅಧಿನಿಯಮದ 27ನೇ ಕಲಮಿನ ಪ್ರಕಾರ, ಒಬ್ಬರು ತಮ್ಮ ವೃತ್ತಿ, ವ್ಯಾಪಾರ ನಡೆಸದಂತೆ ತಡೆಯುವ ಕರಾರು ಆ ಮಟ್ಟಿಗೆ ಅಸಿಂಧು. ಕೆಲಸದಲ್ಲಿರುವಾಗ ಬೇರೆಡೆ ದುಡಿಯಬಾರದೆಂಬ ನಿರ್ಬಂಧಕ್ಕೆ ಸುಪ್ರೀಂ ಕೋರ್ಟ್ 1967ರಲ್ಲಿ ಮಾನ್ಯತೆ ಕೊಟ್ಟಿದೆ. ಕೆಲಸ ಬಿಟ್ಟ ನಂತರ ನೀವು ಎಲ್ಲಿ ದುಡಿಯಬೇಕೆಂಬುದು ನಿಮಗೇ ಬಿಟ್ಟದ್ದು. ಹಾಗಿದ್ದರೂ ಈ ಸಾಲು ನೇಮಕಾತಿ ಪತ್ರಗಳಿಂದ ಮಾಯವಾಗಿಲ್ಲ, ಏಕೆಂದರೆ ವಕೀಲರ ನೋಟಿಸ್ ಒಂದು ಬಂದರೆ ಸಾಕು, ಕೆಲಸ ಬದಲಿಸಬೇಕೆಂದಿದ್ದವರು ಅಲ್ಲೇ ಉಳಿಯುತ್ತಾರೆ, ಇಲ್ಲವೇ ಕರೆದ ಸಂಸ್ಥೆಯೇ ತಂಟೆ ಬೇಡವೆಂದು ಹಿಂದೆ ಸರಿಯುತ್ತದೆ. ಸಂಬಳ ಹೆಚ್ಚಿಸಿ ಎಂದು ಕೇಳುವ ಧೈರ್ಯವೂ ಅಲ್ಲಿಗೆ ಹೋಗುತ್ತದೆ. ಬಿಟ್ಟು ಹೋಗಲಾರದವರ ಬೇಡಿಕೆಗೆ ಯಾರು ಕಿವಿಗೊಡುತ್ತಾರೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿಯೂ ಇಂಥ ಷರತ್ತು 1872ರಿಂದಲೇ ಅಸಿಂಧು. ಆದರೂ ಅಲ್ಲಿನ ಮಾಲೀಕರು ಅದನ್ನು ಸೇರಿಸುತ್ತಲೇ ಇದ್ದುದರಿಂದ, ಆ ಷರತ್ತು ನಿಮಗೆ ಅನ್ವಯಿಸುವುದಿಲ್ಲ ಎಂದು ಉದ್ಯೋಗಿಗಳಿಗೆ 2024ರ ಫೆಬ್ರವರಿ 14ರೊಳಗೆ ಲಿಖಿತವಾಗಿ ತಿಳಿಸಬೇಕೆಂದು ಹೊಸ ಕಾನೂನೇ ಬಂತು. ಭಯವನ್ನು ತೆಗೆಯಲು ಮಾಡಿದ ಕಾನೂನು ಅದು.

ಸಮಯ ಹತ್ತಿರವಾದ್ದರಿಂದ ಉಳಿದೆರಡನ್ನು ಚುಟುಕಾಗಿ ಹೇಳುತ್ತೇನೆ. ಸಂಸ್ಥೆಯ ವ್ಯಾಪಾರ ರಹಸ್ಯಗಳನ್ನು ಹೊತ್ತೊಯ್ಯುವಂತಿಲ್ಲ. ಆದರೆ ಅಲ್ಲಿ ಕಲಿತ ಕೆಲಸ ನಿಮ್ಮದು. ಇಷ್ಟು ವರ್ಷ ದುಡಿಯದಿದ್ದರೆ ಇಷ್ಟು ಹಣ ಕಟ್ಟಬೇಕೆಂಬ ಬಾಂಡ್ ಬೇರೆಯೇ ವಿಷಯ. ಅಂಥದ್ದೊಂದನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿರುವುದರಿಂದ ಅದನ್ನು ಓದದೆ ಸಹಿ ಹಾಕಬೇಡಿ. ಜರ್ಮನಿಯಲ್ಲಿ ಕೆಲಸ ಬಿಟ್ಟವರನ್ನು ಎರಡು ವರ್ಷದವರೆಗೆ ತಡೆಯಬಹುದು, ಆದರೆ ತಡೆದಷ್ಟು ಕಾಲ ಹಿಂದಿನ ಸಂಬಳದ ಅರ್ಧದಷ್ಟನ್ನಾದರೂ ಮಾಲೀಕರು ಕೊಡಬೇಕು. ನಿಮ್ಮ ಮುಂದೆ ಆ ಹನ್ನೆರಡು ತಿಂಗಳ ಸಾಲು ಬಂದಾಗ, ಪೆನ್ನು ಎತ್ತುವ ಮೊದಲು ಕೇಳಿ: ಆ ಹನ್ನೆರಡು ತಿಂಗಳ ಸಂಬಳ ಕೊಡುವವರು ಯಾರು? ನಮಸ್ಕಾರ.