ಉದುರಿಹೋದ ಪ್ರಶ್ನಾರ್ಥಕ ಚಿಹ್ನೆ

ನಮಸ್ಕಾರ ಕೇಳುಗರೇ. ಲೈಫ್ ಇನ್ಶೂರೆನ್ಸ್‌ಗೆ ಅರ್ಜಿ ಹಾಕಿದ್ದೆ, ರಕ್ತ ಕೊಟ್ಟಿದ್ದೆ, ಬಿಪಿ, ತೂಕ ಎಲ್ಲಾ ನೋಡಿದ್ರು, ಇನ್ನೇನು ಪಾಲಿಸಿ ಬರುತ್ತೆ ಅಂದ್ಕೊಂಡಿದ್ದಾಗ ಎರಡೇ ಸಾಲಿನ ಪತ್ರ ಬಂತು, ವೈದ್ಯಕೀಯ ಕಾರಣಕ್ಕೆ ನಿಮ್ಮ ಅರ್ಜಿ ತಿರಸ್ಕರಿಸಲಾಗಿದೆ ಅಂತ. ಯಾವ ಕಾರಣ ಅಂತ ಇರ್ಲಿಲ್ಲ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ. ಪಾಲಿಸಿ ಹೋಯ್ತಲ್ಲಾ ಅಂತಲ್ಲ, ನಂಗೇ ಗೊತ್ತಿಲ್ದೆ ಮೈಯೊಳಗೆ ಏನಿದ್ಯೋ ಅನ್ನೋ ಹೆದ್ರಿಕೆ.

ಕಾರಣ ಲಿಖಿತವಾಗಿ ಕೊಡಿ ಅಂತ ಕೇಳ್ದೆ. ಡಾಕ್ಟರ ದಾಖಲೆಯಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಅಂತಿದೆ, ನೀವು ಅರ್ಜಿಲಿ ಇಲ್ಲ ಅಂತ ಬರ್ದಿದೀರಿ ಅಂದ್ರು. ಅಂದ್ರೆ ಕಾಯಿಲೆ ಒಂದೇ ಅಲ್ಲ, ಸುಳ್ಳು ಹೇಳಿದ ಹಣೆಪಟ್ಟಿನೂ ಜೊತೆಗೆ. ಇದು ತುಂಬಾ ನೋವು ಮಾಡ್ತು.

ಕ್ಲಿನಿಕ್ಕಿಂದ ನನ್ನ ಫೈಲಿನ ಕಾಪಿ ತರಿಸ್ಕೊಂಡು ಒಂದೊಂದೇ ಪುಟ ನೋಡ್ತಾ ಹೋದೆ. ಯಾವತ್ತೋ ಸುಸ್ತು ಅಂತ ಹೋದಾಗ ಡಾಕ್ಟ್ರು ಪೆನ್ನಲ್ಲಿ ಬರ್ದಿದ್ರು, ಮೊದಲು ಒಂದು ಪ್ರಶ್ನಾರ್ಥಕ ಚಿಹ್ನೆ, ಪಕ್ಕದಲ್ಲಿ ಡಿಎಂ. ಡಯಾಬಿಟಿಸ್ ಇದ್ಯಾ ನೋಡೋಣ ಅಂತ ಅಷ್ಟೇ ಅದರರ್ಥ. ಅದೇ ವಾರದ ಎಚ್‌ಬಿಎ1ಸಿ ರಿಪೋರ್ಟು, ಅಂದ್ರೆ ಎರಡು ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸೋ ರಕ್ತ ಪರೀಕ್ಷೆ, ಹಿಂದಿನ ಪುಟದಲ್ಲೇ ಇತ್ತು, 5.4 ಪರ್ಸೆಂಟ್, ಸಕ್ಕರೆ ಕಾಯಿಲೆ ಅನ್ನೋಕೆ 6.5 ಆದ್ರೂ ಆಗಬೇಕು. ಆದ್ರೆ ಮುಂದಿನ ಪುಟ ಕಂಪ್ಯೂಟರ್ ಪ್ರಿಂಟು. ಅಲ್ಲಿ ಆ ಚಿಹ್ನೆ ಉದುರಿಹೋಗಿ ಇ11 ಅನ್ನೋ ಕೋಡ್ ಕೂತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಅನ್ನೋ ಕಾಯಿಲೆಗಳ ಕೋಡ್ ಪಟ್ಟೀಲಿ ಇ11 ಅಂದ್ರೆ ಟೈಪ್ 2 ಡಯಾಬಿಟಿಸ್, ಬರೀ ತಪಾಸಣೆಗೆ ಅಂತಾನೇ ಜೆಡ್13.1 ಅಂತ ಬೇರೆ ಕೋಡ್ ಇದೆ. ಒಂದ್ಸಲ ಕೂತ ಇ11 ಆಮೇಲೆ ನೆಗಡಿಗೆ ಹೋದಾಗಲೂ ಹಳೇದನ್ನೇ ಕಾಪಿ ಮಾಡಿ ಅಂಟಿಸ್ತಾ ಬಂದಿದಾರೆ, ಹತ್ತಿಪ್ಪತ್ತು ಪುಟ.

ನಾನು ಮೊದಲು ಮಾಡಿದ ತಪ್ಪು ಇನ್ಶೂರೆನ್ಸ್‌ನವ್ರ ಜೊತೆ ವಾದ ಮಾಡಿದ್ದು. ತಪ್ಪು ಎಲ್ಲಿ ಹುಟ್ತೋ ಅಲ್ಲೇ ತಿದ್ದಿಸ್ಬೇಕು, ಯಾಕಂದ್ರೆ ಅದು ಒಂದೇ ಕಡೆ ಇರಲ್ಲ. ಅಮೆರಿಕದಲ್ಲಿ ಎಂಐಬಿ ಅಂತ ಸಂಸ್ಥೆ 1902ರಿಂದ ಇದೆ, ಸದಸ್ಯ ಕಂಪನಿಗಳು ಅರ್ಜಿದಾರರ ಆರೋಗ್ಯದ ಮಾಹಿತೀನ ಕೋಡ್ ರೂಪದಲ್ಲಿ ಅಲ್ಲಿ ಹಂಚ್ಕೋತಾವೆ, ಅದಕ್ಕೇ ಅಲ್ಲಿನವ್ರು ವರ್ಷಕ್ಕೊಂದ್ಸಲ ತಮ್ಮ ಫೈಲನ್ನ ಉಚಿತವಾಗಿ ತರಿಸ್ಕೊಂಡು ನೋಡಬಹುದು. ಡಾಕ್ಟರ ದಾಖಲೆ ತಿದ್ದಿ ಅಂತ ಕೇಳಿದ್ರೆ ಅಲ್ಲಿ 60 ದಿನದೊಳಗೆ ಉತ್ತರ ಕೊಡ್ಬೇಕು, ಇನ್ನೊಂದು 30 ದಿನ ತಗೋಬಹುದು ಅಷ್ಟೇ, ಒಪ್ಪದಿದ್ರೆ ನಮ್ಮ ಆಕ್ಷೇಪಣೆ ಪತ್ರಾನ ಫೈಲಿಗೆ ಸೇರಿಸ್ಬೇಕು. ಯುರೋಪಲ್ಲಿ ಜಿಡಿಪಿಆರ್ ಅನ್ನೋ ವೈಯಕ್ತಿಕ ಮಾಹಿತಿ ರಕ್ಷಣೆ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಒಂದು ತಿಂಗಳು.

ಹಳೇ ಸಾಲನ್ನ ಅಳಿಸಿಬಿಡ್ತಾರೆ ಅಂತ ನಾನಂದ್ಕೊಂಡಿದ್ದೆ, ಹಾಗೆ ಮಾಡಲ್ಲ, ಅದನ್ನ ಉಳಿಸಿ ಕೆಳಗೆ ತಿದ್ದುಪಡಿ ಬರೀತಾರೆ. ಡಾಕ್ಟ್ರು ರಿಪೋರ್ಟ್ ನೋಡಿ ಎರಡು ನಿಮಿಷ ಸುಮ್ನಿದ್ದು, ಆಮೇಲೆ ಸಹಿ ಹಾಕಿ ಪತ್ರ ಕೊಟ್ರು.

ಈಗ ಹೊಸ ಅರ್ಜಿ ತುಂಬ್ತಾ ಇದೀನಿ. ಹಿಂದೆ ಯಾವುದಾದ್ರೂ ಕಂಪನಿ ನಿಮ್ಮ ಅರ್ಜಿ ತಿರಸ್ಕರಿಸಿದ್ಯಾ ಅಂತ ಒಂದು ಪ್ರಶ್ನೆ ಇದೆ ಅದ್ರಲ್ಲಿ. ಇಲ್ಲ ಅಂತ ಬರ್ದು ಮುಚ್ಚಿಟ್ರೆ ನಾಳೆ ನಾನಿಲ್ದೇ ಇದ್ದಾಗ ಮನೆಯವ್ರ ಕ್ಲೇಮೇ ಬಿದ್ದುಹೋಗಬಹುದು. ಹೌದು ಅಂತಾನೇ ಬರ್ದಿದೀನಿ, ಆ 5.4ರ ರಿಪೋರ್ಟು, ಡಾಕ್ಟರ ಪತ್ರ ಎರಡನ್ನೂ ಪಿನ್ ಹೊಡ್ದು ಹಿಂದೆ ಇಟ್ಟಿದೀನಿ.