ಯಾರು ಕಳಿಸಿದ್ದು?

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ ಕಡೆ ಆರ್‌ಸಿಸಿ ಮನೆ ಕಟ್ಟಿದವರೂ ಕೊನೆಗೆ ಅದರ ಮೇಲೊಂದು ತಗಡಿನ ಮಾಡು ಹೊದಿಸುತ್ತಾರೆ. ಆಗುಂಬೆ ಸೀಮೆಯ ಮಳೆಯನ್ನು ಬರೀ ತಾರಸಿ ಎಷ್ಟು ವರ್ಷ ತಡೆದೀತು? ನಾನೂ ಹೊದಿಸಲು ಹೊರಟೆ. ಶುಲ್ಕ ಪಡೆದ ಎಂಜಿನಿಯರರು ಚೀಟಿ ಬರೆದುಕೊಟ್ಟರು. ಶೀಟಿನ ಕಂಪನಿ, ಬಣ್ಣ, ಶಿವಮೊಗ್ಗದ ಅಂಗಡಿಯ ವಿಳಾಸ ಎಲ್ಲ ಇತ್ತು. ದಪ್ಪ ಎಷ್ಟು ಮಿಲಿಮೀಟರ್ ಎಂಬುದೊಂದು ಬಿಟ್ಟು.

ಅಂಗಡಿಯಲ್ಲಿ ದರ ಕೇಳಿದೆ. ಕ್ಯಾಲ್ಕುಲೇಟರ್ ಮೇಲೆ ಬೆರಳಿಟ್ಟಿದ್ದ ಹುಡುಗ ತಲೆ ಎತ್ತಿ, ‘ಯಾರು ಕಳಿಸಿದ್ದು ಸಾರ್?’ ಎಂದ. ಹೆಸರು ಹೇಳಿದೆ. ಅಂದಾಜುಪಟ್ಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಎರಡು ಅಕ್ಷರ ಗೀಚಿದ, ಆಮೇಲೆ ದರ ಹೇಳಿದ. ನನಗೆ ಆ ಪೆನ್ಸಿಲ್ ಗೀಚು ಮನಸ್ಸಿನಲ್ಲಿ ಕೊರೆಯತೊಡಗಿತು. ಮರುದಿನ ಭಾವನನ್ನು ಅಲ್ಲಿಗೇ ಅಟ್ಟಿದೆ. ಯಾರೂ ಕಳಿಸಿಲ್ಲ, ಬೋರ್ಡು ನೋಡಿ ಬಂದೆ ಎಂದು ಅವನು ಹೇಳಿದ. ಅದೇ ಶೀಟಿಗೆ ಚದರ ಅಡಿಗೆ ನಾಲ್ಕು ರೂಪಾಯಿ ಕಡಿಮೆ!

ಕಮಿಷನ್ ಎಂದರೆ ಮೂಗು ಮುರಿಯುವವನು ನಾನಲ್ಲ. ಅಡಿಕೆ ಮಂಡಿಯ ದಲ್ಲಾಳಿಯ ಪಾಲು ಎಷ್ಟೆಂಬುದು ಊರಿಗೆಲ್ಲ ಗೊತ್ತು. ಅವರು ಯಾರ ಪರ ಎಂಬ ಗೊಂದಲವೂ ಇಲ್ಲ. ಎಂಜಿನಿಯರರೂ ಕೆಟ್ಟವರೇನಲ್ಲ. ಆ ಶೀಟೇ ಒಳ್ಳೆಯದೆಂದು ಮನಸಾರೆ ನಂಬಿದ್ದರು. ಆದರೆ ಬೇರೆ ಅಂಗಡಿಯ ಮೆಟ್ಟಿಲು ಹತ್ತಿ ಎಷ್ಟು ವರ್ಷವಾಯಿತು ಎಂದು ಕೇಳಿದಾಗ ತಡವರಿಸಿದರು. ನಾಲ್ಕು ರೂಪಾಯಿಗಿಂತ ನನಗೆ ದುಬಾರಿಯಾಗಿ ಕಂಡದ್ದು ಆ ತಡವರಿಕೆ. ಸುಳ್ಳೇ ಹೇಳದೆ ಸಲಹೆ ಕೆಡುವುದು ಹೀಗೆ: ಹುಡುಕುವ ಕೆಲಸ ಸದ್ದಿಲ್ಲದೆ ನಿಂತುಹೋಗಿರುತ್ತದೆ.

ರೋಗಿಯನ್ನು ಇನ್ನೊಂದೆಡೆ ಕಳಿಸಿದ್ದಕ್ಕೆ ವೈದ್ಯರು ಕಮಿಷನ್ ಪಡೆಯಬಾರದು ಎನ್ನುತ್ತವೆ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು. ಹೂಡಿಕೆ ಸಲಹೆಗಾರರು ತಾವು ಶಿಫಾರಸು ಮಾಡುವ ಹೂಡಿಕೆಗೆ ಗ್ರಾಹಕರನ್ನು ಬಿಟ್ಟು ಬೇರೆ ಯಾರಿಂದಲೂ ಹಣ ಪಡೆಯುವಂತಿಲ್ಲ ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2013ರಲ್ಲಿ ಕಟ್ಟುಮಾಡಿತು. ಮನೆಯ ಮಾಡಿಗೆ, ಸೊಸೈಟಿಯ ಕಂಪ್ಯೂಟರಿಗೆ, ತೋಟದ ಹನಿ ನೀರಾವರಿಗೆ ಸಲಹೆ ಕೇಳುವಾಗ ಅಂಥ ಷರತ್ತನ್ನು ನಾವೇ ಕರಾರಿನಲ್ಲಿ ಬರೆಸಿಕೊಳ್ಳಬಹುದು.

ಹೋದ ವರ್ಷ ಕೊಟ್ಟಿಗೆ ಕಟ್ಟುವಾಗ ಅದೇ ಎಂಜಿನಿಯರರನ್ನು ಕರೆದೆ. ಶುಲ್ಕ ಹೆಚ್ಚಿಸಿದೆ, ಮೂರು ಅಂಗಡಿಗಳ ದರಪಟ್ಟಿ ತರಬೇಕು, ಅಂಗಡಿ ಬಿಡುವ ಹಣವೆಲ್ಲ ನನ್ನ ಬಿಲ್ಲಿನಲ್ಲೇ ಇಳಿಯಬೇಕು ಎಂದು ಬರೆಸಿದೆ. ಓದಿ ನಕ್ಕರು, ಸಹಿ ಹಾಕಿದರು. ಈ ಬಾರಿಯ ಚೀಟಿಯಲ್ಲಿ ಅಂಗಡಿಯ ವಿಳಾಸವಿರಲಿಲ್ಲ. ಶೀಟಿನ ದಪ್ಪ 0.50 ಮಿಲಿಮೀಟರ್ ಎಂದಿತ್ತು, ಕೆಳಗೆ ಎರಡು ಗೆರೆ ಎಳೆದು.