ಡಿಸ್ಚಾರ್ಜ್ ದಿನದ ಮಾತನ್ನು ಅಡ್ಮಿಷನ್ ದಿನವೇ ಆಡೋಣ

ಎಲ್ಲರಿಗೂ ನಮಸ್ಕಾರ. ಮೈಸೂರು, ಮಂಡ್ಯ ಕಡೆಯ ಮೂಳೆ ಆಸ್ಪತ್ರೆಗಳ ಡಾಕ್ಟರುಗಳೂ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಕೂರುವವರೂ ಇವತ್ತು ಒಟ್ಟಿಗೆ ಬಂದಿದ್ದೀರಿ. ಹೀಗೇ ಆಗಬೇಕಿತ್ತು. ಕ್ಲೈಮ್ ರಿಜೆಕ್ಟ್ ಆದರೆ ಡಾಕ್ಟರುಗಳು ಡೆಸ್ಕ್‌ನವರ ಕಡೆ ಕೈ ತೋರಿಸುತ್ತೇವೆ. ಆದರೆ ಎಷ್ಟೋ ಕ್ಲೈಮ್‌ಗಳು ಸಿಕ್ಕಿಹಾಕಿಕೊಳ್ಳುವುದು ನಾವೇ ಬರೆದ ಕೇಸ್ ಶೀಟ್‌ನಲ್ಲಿ.

ಪಾಂಡವಪುರ ಕಡೆಯ ಒಬ್ಬ ತಾಯಿ ಗದ್ದೆ ಬದುವಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಬಂದರು ಅಂದುಕೊಳ್ಳಿ. ಪಾಲಿಸಿ ಮಾಡಿಸಿ ವರ್ಷವೂ ತುಂಬಿಲ್ಲ. ಕೀಲು ಬದಲಾವಣೆಗೆ ಸಾಮಾನ್ಯವಾಗಿ ವೇಟಿಂಗ್ ಪೀರಿಯಡ್, ಅಂದರೆ ಪಾಲಿಸಿ ಮಾಡಿಸಿದ ಮೇಲೆ ಕ್ಲೈಮ್ ಸಿಗದ ಒಂದಷ್ಟು ಕಾಲ, ಇರುತ್ತದೆ. 2024ರ ಏಪ್ರಿಲ್‌ನಿಂದ ಅದು 36 ತಿಂಗಳು ಮೀರುವಂತಿಲ್ಲ. ಅಪಘಾತದಿಂದ ಆದ ಪೆಟ್ಟಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಡ್ಯೂಟಿ ಡಾಕ್ಟರು ಅವಸರದಲ್ಲಿ 'ಸೊಂಟ ನೋವು, ಆಪರೇಷನ್‌ಗೆ ಅಡ್ಮಿಟ್' ಎಂದಷ್ಟೇ ಗೀಚಿದರೆ ಕಂಪನಿಯವರು ಅದನ್ನು ಸವೆದ ಕೀಲು ಎಂದೇ ಓದುತ್ತಾರೆ. ಯಾವತ್ತು ಬಿದ್ದರು, ಎಲ್ಲಿ, ಹೇಗೆ, ಅದಕ್ಕೆ ಮುಂಚೆ ಓಡಾಡಿಕೊಂಡಿದ್ದರೇ ಎಂದು ಕೇಳಿ ಬರೆಯಿರಿ. ಶುಗರ್ ಎಷ್ಟು ವರ್ಷದಿಂದ ಇದೆ ಎನ್ನುವುದನ್ನೂ ಬರೆಯಿರಿ. ಅದನ್ನು ಬಿಟ್ಟುಬಿಡಿ ಸಾರ್ ಎಂದು ಮನೆಯವರು ಎಷ್ಟೇ ಬೇಡಿಕೊಂಡರೂ ಒಪ್ಪಬೇಡಿ. ಶುಗರ್‌ನ ಹಳೆಯ ಚೀಟಿಯೊಂದು ಕಂಪನಿಗೆ ಸಿಕ್ಕರೆ ಸಾಕು, ಇಡೀ ಕ್ಲೈಮ್ ಬಿದ್ದುಹೋಗಬಹುದು.

ಇನ್ನು ರೂಮಿನ ವಿಷಯ. ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಇದು. 3 ಲಕ್ಷದ ಪಾಲಿಸಿಯಲ್ಲಿ ರೂಮ್ ಬಾಡಿಗೆ ಮಿತಿ ದಿನಕ್ಕೆ ಶೇ. 1 ಎಂದಿದ್ದರೆ, 3,000 ರೂಪಾಯಿ. ಅಮ್ಮನಿಗೆ ಆರಾಮಾಗಿರಲಿ ಎಂದು ಮಗ 6,000ದ ರೂಮ್ ಹಿಡಿಯುತ್ತಾನೆ. ಮೇಲಿನ 3,000 ಮಾತ್ರ ಕೈಯಿಂದ ಹೋಗುತ್ತದೆ ಎಂದುಕೊಂಡಿರುತ್ತಾನೆ. ಆದರೆ ಸರ್ಜನ್ ಫೀಸು, ಓಟಿ ಚಾರ್ಜು ಎಲ್ಲದಕ್ಕೂ ಕಂಪನಿ ಕೊಡುವ ಹಣ ಅದೇ ಪ್ರಮಾಣದಲ್ಲಿ ಅರ್ಧಕ್ಕಿಳಿಯುತ್ತದೆ. ಡಿಸ್ಚಾರ್ಜ್ ದಿನ, ಹೊರಗೆ ಆಟೋ ನಿಂತಿರುವಾಗ, ಅವನು ಒಡವೆ ಅಡ ಇಡಲು ಓಡಬೇಕು. ರೂಮ್ ಕೊಡುವ ಮೊದಲು ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡಿ. ಡೆಸ್ಕ್‌ನವರು ಇನ್ನೊಂದನ್ನು ನೆನಪಿಡಿ: ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ಮೊತ್ತಕ್ಕೆ ಈ ಕತ್ತರಿ ಹಾಕುವಂತಿಲ್ಲ. ಹಾಕಿದ್ದರೆ ಸುಮ್ಮನೆ ಸಹಿ ಮಾಡಬೇಡಿ, ಪ್ರಶ್ನೆ ಮಾಡಿ.

ಕ್ಯಾಶ್‌ಲೆಸ್ ಅರ್ಜಿಗೆ, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟಲಿ ಎಂಬ ಅರ್ಜಿಗೆ, 1 ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ 3 ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕು ಎಂದು 2024ರಲ್ಲೇ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಕಳಿಸಿದ ಸಮಯವನ್ನು ರಿಜಿಸ್ಟರಿನಲ್ಲಿ ಬರೆದಿಡಿ.

ಕ್ಲೈಮ್ ರಿಜೆಕ್ಟ್ ಆದರೆ ಯಾವ ಷರತ್ತಿನ ಪ್ರಕಾರ ಎಂದು ಲಿಖಿತವಾಗಿ ಕೇಳಿ. ಮೊದಲು ಕಂಪನಿಗೇ ದೂರು. ಅವರು ಒಪ್ಪದಿದ್ದರೆ, ಇಲ್ಲವೇ 30 ದಿನ ಉತ್ತರವೇ ಕೊಡದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಬೆಂಗಳೂರಿನ ವಿಮಾ ಲೋಕಪಾಲರ ಬಳಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಒಂದು ವರ್ಷದೊಳಗೆ ದೂರು ಕೊಡಬೇಕು ಅಷ್ಟೆ. ಮಳವಳ್ಳಿಯಿಂದಲೋ ನಂಜನಗೂಡಿನಿಂದಲೋ ಬಂದವರಿಗೆ ಇದನ್ನು ಬೇರೆ ಯಾರೂ ಹೇಳುವುದಿಲ್ಲ. ಆ ವಿಳಾಸವನ್ನೂ ಕನ್ನಡದಲ್ಲೊಂದು ಮಾದರಿ ಅರ್ಜಿಯನ್ನೂ ನಾಳೆಯೇ ಬಿಲ್ಲಿಂಗ್ ಕೌಂಟರಿನ ಗಾಜಿಗೆ ಅಂಟಿಸಿ.